ಕುದುರೆ ಎಳೆಯುವ ಮುನ್ನ: ಬೇಟೆಗಾರರ ಬಯಲು ಗುರಿ ಸ್ಪರ್ಧೆ

ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳಲ್ಲಿ ಬೇಸಿಗೆ ಮುಗಿಯುತ್ತ ಬಂದಂತೆ ಉಕ್ಕಿನ ಬೀರುಗಳಲ್ಲಿ ಬೀಗ ಹಾಕಿಟ್ಟ ಕೋವಿಗಳು ಹೊರಗೆ ಬರುತ್ತವೆ. ನಾರ್ವೆಯ ಎತ್ತರದ ಬೆಟ್ಟಗಳಲ್ಲಿ ಹಿಮಸಾರಂಗದ ಬೇಟೆ ಆಗಸ್ಟ್ 20ಕ್ಕೆ ಶುರು. ಉತ್ತರ ಸ್ವೀಡನ್ನಿನಲ್ಲಿ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಸೆಪ್ಟೆಂಬರಿನ ಮೊದಲ ಸೋಮವಾರ ಚಾಲನೆ ಸಿಗುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ಊರೂರಿನ ಬೇಟೆಗಾರರ ಸಂಘಗಳು ಕಾಡಂಚಿನಲ್ಲಿ ಒಂದು ದಿನದ ಗುರಿ ಸ್ಪರ್ಧೆ ಇಡುತ್ತವೆ. ಬಡಗಿ, ಮೇಷ್ಟ್ರು, ಲಾರಿ ಚಾಲಕ, ದಾದಿ, ನಿವೃತ್ತ ರೈತ ಎಲ್ಲರೂ ತಮ್ಮ ತಮ್ಮ ಬೇಟೆಯ ರೈಫಲ್ ಹೆಗಲಿಗೇರಿಸಿಕೊಂಡು ಬರುತ್ತಾರೆ. ಗೆದ್ದವರ ಹೆಸರು ಸ್ಥಳೀಯ ಪತ್ರಿಕೆಯ ಮೂಲೆಯಲ್ಲಿ ಬಂದರೆ ಅದೇ ಹೆಚ್ಚು. ಆದರೂ ಈ ಸ್ಪರ್ಧೆಗೆ ಅಲ್ಲಿನ ಬೇಟೆ ಪದ್ಧತಿಯಲ್ಲಿ ದೊಡ್ಡ ಜಾಗವಿದೆ.

ಏನಿದು ಸ್ಪರ್ಧೆ

ಕಾಡು, ಜೌಗು, ಗುಡ್ಡದ ಇಳಿಜಾರು ಇರುವ ಕಡೆ ಪ್ರಾಣಿಗಳ ಆಕಾರದ ಹಲಗೆಗಳನ್ನು ಅಲ್ಲಲ್ಲಿ ನಿಲ್ಲಿಸಿರುತ್ತಾರೆ. ಸ್ಪರ್ಧಿಗಳು ಚಿಕ್ಕ ಚಿಕ್ಕ ಗುಂಪಾಗಿ ಒಂದು ತಾಣದಿಂದ ಇನ್ನೊಂದಕ್ಕೆ ನಡೆದುಹೋಗುತ್ತಾರೆ. ಪ್ರತಿ ತಾಣದಲ್ಲೂ ಗುರಿ ಬೇರೆ, ದೂರ ಬೇರೆ, ಕೂರುವ ನಿಲ್ಲುವ ಬಗೆ ಬೇರೆ. ಎಷ್ಟು ಗುಂಡು ತಾಗಿತು ಎಂಬ ಲೆಕ್ಕವೇ ಅಂಕ. ನಾರ್ವೆಯವರು ಇದನ್ನು ಯಾಕ್ಟ್‌ಫೆಲ್ಟ್ ಎನ್ನುತ್ತಾರೆ. ನಿಯಮದ ವಿವರ ದೇಶದಿಂದ ದೇಶಕ್ಕೆ, ಎಷ್ಟೋ ಸಲ ಸಂಘದಿಂದ ಸಂಘಕ್ಕೆ ಬದಲಾಗುತ್ತದೆ. ಇದು ಸ್ನೇಹಕೂಟದ ಆಟವಾದ್ದರಿಂದ ಅದರ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ.

ಟಿವಿಯಲ್ಲಿ ಕಾಣುವ ಒಲಿಂಪಿಕ್ ರೈಫಲ್ ಶೂಟಿಂಗನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ನೋಡಿದರೆ ದಾರಿ ತಪ್ಪುತ್ತದೆ. ಅಲ್ಲಿ ದೂರ 10 ಮೀಟರು ಅಥವಾ 50 ಮೀಟರು ಎಂದು ಮೊದಲೇ ಗೊತ್ತು. ಬೆನ್ನು ಬಾಗದಂತೆ ಹಿಡಿದಿಡುವ ದಪ್ಪ ಅಂಗಿ, ಆಟಕ್ಕೆಂದೇ ಮಾಡಿಸಿದ ರೈಫಲ್, ಎದುರಿಗೆ ದುಂಡನೆಯ ಕಪ್ಪು ಗುರಿ. ಇಲ್ಲಿ ಗಾಳಿಗೆ ಹೊಯ್ದಾಡುವ ಹುಲ್ಲಿನ ಹಿಂದೆ ನರಿಯೊಂದರ ಅರ್ಧ ಮೈ ಕಾಣುತ್ತದೆ, ಕಾಲ ಕೆಳಗೆ ಒದ್ದೆ ಪಾಚಿ ಜಾರುತ್ತದೆ, ನಡೆದು ಬಂದ ಏದುಸಿರು ಇನ್ನೂ ಇಳಿದಿರುವುದಿಲ್ಲ.

ಸೈನ್ಯದ ಕವಾಯತಿನಿಂದ ಬೇಟೆಯ ಕಾಡಿಗೆ

ಬಯಲಿನಲ್ಲಿ ಗುರಿ ಹೊಡೆಯುವ ಪದ್ಧತಿ ಹುಟ್ಟಿದ್ದು ಬೇಟೆಗಾಗಿ ಅಲ್ಲ. 19ನೇ ಶತಮಾನದಲ್ಲಿ ನಾರ್ವೆ ಮತ್ತು ಸ್ವೀಡನ್ ಒಬ್ಬನೇ ರಾಜನ ಕೆಳಗಿದ್ದವು. ನಾರ್ವೆಯವರಿಗೆ ತಮ್ಮ ನೆಲವನ್ನು ತಾವೇ ಕಾಯಬೇಕಾಗಬಹುದು ಎಂಬ ಗುಮಾನಿ ಬೆಳೆಯುತ್ತಿತ್ತು. ಜನಸಾಮಾನ್ಯರಿಗೆ ಗುರಿ ಕಲಿಸುವ ಸಂಘಗಳು ಹಳ್ಳಿಹಳ್ಳಿಗಳಲ್ಲಿ ಎದ್ದವು. 1893ರಲ್ಲಿ ಅಲ್ಲಿನ ಸಂಸತ್ತಿನ ತೀರ್ಮಾನದಂತೆ ಅವೆಲ್ಲ ಒಂದು ಸ್ವಯಂಸೇವಾ ಶೂಟಿಂಗ್ ಒಕ್ಕೂಟದಡಿ ಸೇರಿದವು. ಮರುವರ್ಷವೇ ನಾರ್ವೆ ಸೈನ್ಯ ಕ್ರಾಗ್–ಯೋರ್ಗೆನ್ಸನ್ ರೈಫಲ್ಲನ್ನು ಒಪ್ಪಿಕೊಂಡಿತು. 1905ರಲ್ಲಿ ಎರಡು ದೇಶಗಳೂ ಯುದ್ಧವಿಲ್ಲದೆ ಬೇರೆಯಾದವು. ಸಂಘಗಳು ಮಾತ್ರ ಉಳಿದುಕೊಂಡವು. ಆ ಒಕ್ಕೂಟ ಇಂದಿಗೂ ಇದೆ, ವರ್ಷಕ್ಕೊಮ್ಮೆ ರಾಷ್ಟ್ರಮಟ್ಟದ ದೊಡ್ಡ ಮೇಳ ನಡೆಸುತ್ತದೆ. ಅದರ ಬಯಲು ಸ್ಪರ್ಧೆಗಳಲ್ಲಿ ಗುರಿ 600 ಮೀಟರಿನವರೆಗೂ ಹೋಗುತ್ತದೆ. ಅಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಗುರಿ ಆಟಕ್ಕೆಂದೇ ಮಾಡಿದ ಸಾವರ್ ರೈಫಲ್. ಅದನ್ನು ಹೊತ್ತು ಮೂಸ್ ಹಿಂದೆ ಅಲೆಯುವವರು ಅಪರೂಪ.

ಬೇಟೆಗಾರರ ದಾರಿ ಬೇರೆ. ಅವರ ಒಕ್ಕೂಟ, ಅಂದರೆ ನಾರ್ವೆಯ ಬೇಟೆಗಾರರ ಮತ್ತು ಮೀನು ಹಿಡಿಯುವವರ ಸಂಘ, 1871ರಲ್ಲೇ ಹುಟ್ಟಿದ್ದು. ಸ್ವೀಡನ್ನಿನ ಬೇಟೆಗಾರರ ಸಂಘ ಇನ್ನೂ ಹಳೆಯದು, 1830ರದ್ದು. ಸೈನಿಕ ಶೂಟಿಂಗಿನ ಬಯಲು ಪದ್ಧತಿಯನ್ನು ಇವರು ಎರವಲು ತಂದು, ದೂರವನ್ನು ಕಮ್ಮಿ ಮಾಡಿ, ಶತ್ರುವಿನ ತಲೆಯ ಜಾಗದಲ್ಲಿ ಮೂಸ್, ರೋ ಜಿಂಕೆ, ನರಿ, ಕಾಡುಕೋಳಿಗಳನ್ನು ನಿಲ್ಲಿಸಿಕೊಂಡರು. 300 ಮೀಟರಿನಾಚೆಗೆ ಒಂದು ಜೀವಕ್ಕೆ ಗುಂಡು ಹಾರಿಸುವುದು ಬೇಟೆಗಾರನ ಲಕ್ಷಣವಲ್ಲ ಎಂಬ ತಿಳಿವಳಿಕೆ ಈ ಬದಲಾವಣೆಯ ಹಿಂದಿದೆ.

ಮೊದಲು ಪರೀಕ್ಷೆ, ಆಮೇಲೆ ಪಂದ್ಯ

ನಾರ್ಡಿಕ್ ದೇಶಗಳಲ್ಲಿ ಕೋವಿ ಇದ್ದ ಮಾತ್ರಕ್ಕೆ ಬೇಟೆಗೆ ಇಳಿಯುವಂತಿಲ್ಲ. ಸ್ವೀಡನ್ನಿನಲ್ಲಿ 1985ರಿಂದ, ನಾರ್ವೆಯಲ್ಲಿ 1986ರಿಂದ ಹೊಸ ಬೇಟೆಗಾರರು ಪರೀಕ್ಷೆ ಪಾಸು ಮಾಡಲೇಬೇಕು. ಪ್ರಾಣಿಗಳ ಗುರುತು, ಕಾನೂನು, ಕೋವಿಯ ಸುರಕ್ಷತೆ ಎಲ್ಲ ಅದರಲ್ಲಿ ಬರುತ್ತದೆ.

ದೊಡ್ಡ ಪ್ರಾಣಿಗಳ ಬೇಟೆಗೆ ನಾರ್ವೆಯಲ್ಲಿ ಇನ್ನೊಂದು ಮೆಟ್ಟಿಲು ಇದೆ, ಅದನ್ನು ಪ್ರತಿ ವರ್ಷವೂ ಹತ್ತಬೇಕು. 100 ಮೀಟರು ದೂರದಲ್ಲಿ ಹಿಮಸಾರಂಗದ ಚಿತ್ರ. ಐದು ಗುಂಡು. ಐದೂ ಎದೆಭಾಗದ 30 ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ ಬೀಳಬೇಕು. ಆ ವೃತ್ತ ಹೊಡೆಯುವವನ ಕಣ್ಣಿಗೆ ಕಾಣುವಂತೆ ಬರೆದಿರುವುದಿಲ್ಲ. ಶ್ವಾಸಕೋಶ, ಹೃದಯ ಎಲ್ಲಿರುತ್ತವೆ ಎಂದು ಅವನಿಗೇ ಗೊತ್ತಿರಬೇಕು. ಐದರಲ್ಲಿ ನಾಲ್ಕು ತಾಗಿದರೆ ಶೇಕಡಾ ಎಂಬತ್ತು ಎಂದು ಬೀಗುವಂತಿಲ್ಲ, ಫೇಲು.

ಫಿನ್ಲೆಂಡಿನವರ ಅಳತೆ ಬೇರೆ: 75 ಮೀಟರು ದೂರ, ನಾಲ್ಕು ಗುಂಡು, 90 ಸೆಕೆಂಡು. ಮೂಸ್ ಬೇಟೆಗೆ ಹೋಗುವವರಿಗೆ ವೃತ್ತ 23 ಸೆಂಟಿಮೀಟರು, ಕರಡಿ ಬೇಟೆಗೆ ಹೋಗುವವರಿಗೆ 17. ಕರಡಿಗೆ ಯಾಕೆ ಚಿಕ್ಕ ವೃತ್ತ ಎಂದು ಕೇಳುವ ಅಗತ್ಯವಿಲ್ಲ. ಗಾಯಗೊಂಡ ಕರಡಿ ಪೊದೆಯೊಳಗೆ ಕಾದು ಕೂತಿರುವಾಗ ಅದನ್ನು ಹುಡುಕಿ ಹೋಗಬೇಕಾದವನಿಗೆ ಉತ್ತರ ತಾನಾಗಿ ತಿಳಿಯುತ್ತದೆ.

ಈ ಪರೀಕ್ಷೆಗಳು ಕನಿಷ್ಠ ಮಟ್ಟವನ್ನಷ್ಟೇ ನೋಡುತ್ತವೆ. ಸಮತಟ್ಟಾದ ಮೈದಾನ, ಗೊತ್ತಿರುವ ದೂರ, ಅಡ್ಡ ನಿಂತ ಪ್ರಾಣಿ. ಕಾಡಿನಲ್ಲಿ ಇಷ್ಟು ಅನುಕೂಲ ಯಾರೂ ಮಾಡಿಕೊಡುವುದಿಲ್ಲ. ಸಂಘದ ಬಯಲು ಸ್ಪರ್ಧೆ ತುಂಬುವುದು ಆ ಕೊರತೆಯನ್ನೇ.

ಮಾಮೂಲಿ ಕೋವಿ ಎಂದರೆ ಯಾವುದು

ಬೇಟೆಗೆ ಒಯ್ಯುವುದನ್ನೇ ತನ್ನಿ ಎಂಬುದು ಆಟದ ಮೂಲ ನಿಯಮ. ಹೇಳಲು ಸುಲಭ, ಕಾಪಾಡಿಕೊಳ್ಳಲು ಕಷ್ಟ. ಸ್ಪರ್ಧೆ ಎಂದ ಕೂಡಲೇ ಯಾರೋ ಒಬ್ಬರು ದಪ್ಪ ನಳಿಗೆಯ, ಏಳು ಕಿಲೋ ತೂಕದ ರೈಫಲ್ ತರುತ್ತಾರೆ. ಅದು ಕದಲುವುದೇ ಇಲ್ಲ, ಅಂಕ ಏರುತ್ತದೆ. ಮಾರನೇ ವರ್ಷ ಇನ್ನೂ ನಾಲ್ವರು ಅಂಥದ್ದೇ ತರುತ್ತಾರೆ. ಐದನೇ ವರ್ಷಕ್ಕೆ ಸಾದಾ ಬೇಟೆಗಾರ ಮನೆಯಲ್ಲಿ ಕೂರುತ್ತಾನೆ. ಹೀಗಾಗಬಾರದೆಂದು ಸಂಘಟಕರು ತೂಕಕ್ಕೆ ಮಿತಿ ಹಾಕುತ್ತಾರೆ, ಬೇಟೆಗಾರರ ವಿಭಾಗ ಬೇರೆ, ಮುಕ್ತ ವಿಭಾಗ ಬೇರೆ ಎಂದು ಗೆರೆ ಎಳೆಯುತ್ತಾರೆ. ನನ್ನ ಪ್ರಕಾರ ಇಡೀ ಆಟದ ಜೀವ ಈ ಒಂದು ಗೆರೆಯಲ್ಲಿದೆ.

ಸ್ಕ್ಯಾಂಡಿನೇವಿಯಾದ ಬೇಟೆಗಾರನ ಹೆಗಲ ಮೇಲೆ ಸಾಮಾನ್ಯವಾಗಿ ಇರುವುದು ಬೋಲ್ಟ್ ಎಳೆದು ತೋಟಾ ತುಂಬುವ ರೈಫಲ್, ಮೇಲೊಂದು ದುರ್ಬೀನು. ತೋಟಾಗಳಲ್ಲಿ 6.5×55 ಅಲ್ಲಿಯದೇ ಕೂಸು. 1890ರ ದಶಕದ ಮೊದಲ ಭಾಗದಲ್ಲಿ ನಾರ್ವೆ ಮತ್ತು ಸ್ವೀಡನ್ನಿನ ಜಂಟಿ ಸಮಿತಿ ಸೈನ್ಯಕ್ಕೆಂದು ರೂಪಿಸಿದ ಈ ತೋಟಾ ಒಂದೂಕಾಲು ಶತಮಾನ ದಾಟಿದ ಮೇಲೂ ಮೂಸ್ ಕೆಡವುತ್ತಿದೆ; ಒದೆತ ಕಮ್ಮಿ ಇರುವುದರಿಂದ ಹೊಸಬರಿಗೂ ಹಿಡಿಸುತ್ತದೆ. ಅಮೆರಿಕದಿಂದ ಬಂದ .30-06 ಮತ್ತು .308 ವಿಂಚೆಸ್ಟರ್, ಜರ್ಮನಿಯ 9.3×62 ಕೂಡ ಧಾರಾಳವಾಗಿ ಬಳಕೆಯಲ್ಲಿವೆ. ಮೂಸ್‌ಗೆ ಬಳಸುವ ತೋಟಾದ ಶಕ್ತಿಯನ್ನೂ ನಾರ್ವೆಯ ಕಾನೂನು ಗೊತ್ತು ಮಾಡಿದೆ: ಗುಂಡಿನ ತೂಕ 9ರಿಂದ 10 ಗ್ರಾಂ ಇದ್ದರೆ 100 ಮೀಟರಿನಲ್ಲಿ ಕನಿಷ್ಠ 2,700 ಜೂಲ್ ಶಕ್ತಿ ಉಳಿದಿರಬೇಕು, ಅದಕ್ಕಿಂತ ಭಾರದ ಗುಂಡಾದರೆ 2,200 ಸಾಕು.

ನಮ್ಮವರಿಗೆ ವಿಚಿತ್ರವೆನಿಸುವ ಇನ್ನೊಂದು ವಸ್ತು ನಳಿಗೆಯ ತುದಿಗೆ ತಿರುಪಿ ಕೂರಿಸುವ ಸದ್ದಡಗಿಸುವ ಕೊಳವೆ. ಸಿನಿಮಾದಲ್ಲಿ ಅದು ಕೊಲೆಗಡುಕರ ಆಸ್ತಿ. ನಾರ್ವೆಯಲ್ಲಿ ಬೇಟೆಗಾರರ ದಿನಬಳಕೆಯ ಸಾಮಾನು. ಕಿವಿಯೂ ಉಳಿಯುತ್ತದೆ, ಹಿಂದೊದೆತವೂ ತಗ್ಗುತ್ತದೆ.

ಬೇಟೆಯ ರೈಫಲ್ಲಿನ ನಳಿಗೆ ತೆಳು. ಮೂರು ನಾಲ್ಕು ಗುಂಡು ಒಂದರ ಹಿಂದೊಂದು ಹಾರಿಸಿದರೆ ಕಾದು, ಗುಂಡು ಬೀಳುವ ಜಾಗ ಸರಿದಾಡಲು ಶುರುವಾಗುತ್ತದೆ. ಗುರಿ ಆಟದವರಿಗೆ ಇದೊಂದು ದೋಷ. ಬೇಟೆಗಾರನಿಗೆ ಅದರಿಂದ ಬಾಧಕವಿಲ್ಲ, ಯಾಕೆಂದರೆ ಅವನ ಬೇಟೆ ನಡೆಯುವುದು ತಣ್ಣಗಿರುವ ನಳಿಗೆಯಿಂದ ಹೊರಡುವ ಮೊದಲ ಈಡಿನಲ್ಲಿ. ಹಾಗಾಗಿ ಒಳ್ಳೆಯ ಸಂಘಟಕರು ಒಂದೇ ತಾಣದಲ್ಲಿ ಹತ್ತು ಗುಂಡು ಹಾರಿಸಲು ಹೇಳುವುದಿಲ್ಲ. ಎರಡು ಹಾರಿಸಿ, ನಡೆಯಿರಿ, ಮುಂದಿನ ತಾಣದಲ್ಲಿ ಮತ್ತೆ ಎರಡು.

ಒಂದು ತಾಣದಲ್ಲಿ ಏನು ನಡೆಯುತ್ತದೆ

ಕಾಲುದಾರಿ ತಿರುಗುವ ಕಡೆ ಒಂದು ಹಗ್ಗ ಕಟ್ಟಿದೆ. ಆಚೆ ನಾಲ್ಕು ಗೂಟ, ಒಬ್ಬೊಬ್ಬರಿಗೆ ಒಂದೊಂದು. ತಾಣದ ಮೇಲ್ವಿಚಾರಕರು ಹಗ್ಗದ ಈಚೆಗೇ ಗುಂಪನ್ನು ನಿಲ್ಲಿಸಿ ವಿವರ ಹೇಳುತ್ತಾರೆ: ಎದುರಿನ ಜೌಗಿನಾಚೆ, ಬಿಳಿ ಬರ್ಚ್ ಮರದ ಎಡಕ್ಕೆ ರೋ ಜಿಂಕೆ ಇದೆ, ಎರಡು ಗುಂಡು, ಕೂತಾದರೂ ಹೊಡೆಯಿರಿ, ಮಂಡಿಯೂರಿಯಾದರೂ ಹೊಡೆಯಿರಿ, ಸಮಯ ಇಷ್ಟು. ದೂರ ಎಷ್ಟು ಎಂದು ಮಾತ್ರ ಹೇಳುವುದಿಲ್ಲ. ದೂರ ಅಳೆಯುವ ಲೇಸರ್ ಯಂತ್ರವನ್ನು ಇಂಥ ತಾಣಗಳಲ್ಲಿ ಚೀಲದೊಳಗೇ ಬಿಡಬೇಕು.

ಈಗ ಎಲ್ಲರೂ ದುರ್ಬೀನಿಗೆ ಕಣ್ಣು ಹಚ್ಚುತ್ತಾರೆ. ಬರ್ಚ್ ಮರ ಸಿಗುತ್ತದೆ, ಜಿಂಕೆ ಸಿಗುವುದಿಲ್ಲ. ಕಂದು ಬಣ್ಣದ ಹಲಗೆ, ಹಿಂದೆ ಕಂದು ಬಣ್ಣದ ಹುಲ್ಲು. ಒಬ್ಬಾಕೆಗೆ ಮೊದಲು ಕಾಣುತ್ತದೆ, ಆದರೆ ಪಕ್ಕದವರಿಗೆ ಹೇಳುವಂತಿಲ್ಲ. ಗೂಟದ ಹತ್ತಿರ ಕುಳಿತು ಮೊಣಕೈಗಳನ್ನು ಮೊಣಕಾಲಿನ ಒಳಬದಿಗೆ ಒತ್ತಿ, ಕೋವಿಯ ಪಟ್ಟಿಯನ್ನು ತೋಳಿಗೆ ಒಂದು ಸುತ್ತು ಬಿಗಿದುಕೊಳ್ಳುತ್ತಾರೆ. ಇಷ್ಟು ಹೊತ್ತಿಗೆ ಪ್ಯಾಂಟಿನ ಹಿಂಭಾಗ ಒದ್ದೆ. ಬೋಲ್ಟ್ ಮುಚ್ಚುವ ಸದ್ದು ಸಾಲಾಗಿ ಕೇಳುತ್ತದೆ. ಮೇಲ್ವಿಚಾರಕರು ಸಿದ್ಧವೇ ಎಂದು ಕೇಳುತ್ತಾರೆ, ಒಂದು ಗಳಿಗೆ ಬಿಟ್ಟು ಹೊಡೆಯಲು ಅಪ್ಪಣೆ ಕೊಡುತ್ತಾರೆ.

ಉಸಿರು ಅರ್ಧ ಬಿಟ್ಟು ತಡೆದರೆ ಎದೆಬಡಿತ ದುರ್ಬೀನಿನ ಗೆರೆಗಳಲ್ಲಿ ಕಾಣಿಸುತ್ತದೆ. ಗೆರೆ ಜಿಂಕೆಯ ಭುಜದಿಂದ ಮೇಲಕ್ಕೂ ಕೆಳಕ್ಕೂ ತುಯ್ಯುತ್ತಿರುತ್ತದೆ. ತುಯ್ದಾಟ ನಿಲ್ಲಲೆಂದು ಕಾದವನಿಗೆ ಸಮಯ ಸಾಲದು. ಕುದುರೆಯನ್ನು, ಅಂದರೆ ಟ್ರಿಗರನ್ನು, ತಟಕ್ಕನೆ ಎಳೆದವನ ಗುಂಡು ಕೆಳಗೆ ಹೋಗುತ್ತದೆ. ಗೆರೆ ತುಯ್ಯುತ್ತಿರುವಂತೆಯೇ ಬೆರಳ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ, ಗುಂಡು ಯಾವಾಗ ಹಾರಿತೆಂದು ತನಗೇ ಗೊತ್ತಾಗದಂತೆ ಹಾರಿಸುವವನೇ ಪಳಗಿದ ಈಡುಗಾರ. ಎರಡು ಗುಂಡು ಮುಗಿದ ಮೇಲೆ ಬೋಲ್ಟ್ ತೆರೆದು, ಗುಂಡಿನ ಮನೆ ಖಾಲಿ ಎಂದು ತೋರಿಸಿ, ಕೋವಿ ಕೆಳಗಿಟ್ಟು, ಎಲ್ಲರೂ ಒಟ್ಟಿಗೆ ಹಲಗೆಯ ಬಳಿಗೆ ನಡೆಯುತ್ತಾರೆ. ತೂತು ನೋಡಿ, ಬರೆದುಕೊಂಡು, ಅಂಟುಕಾಗದ ಹಚ್ಚಿ ಮುಚ್ಚುತ್ತಾರೆ. ನಾನು ಭುಜಕ್ಕೇ ಹಿಡಿದಿದ್ದೆ ಎಂದು ಬಡಾಯಿ ಕೊಚ್ಚಿದವನ ಎರಡೂ ಗುಂಡು ಹೊಟ್ಟೆಯಲ್ಲಿ ಸಿಗುವುದು ಇಲ್ಲೇ.

ಹೊಟ್ಟೆಗೆ ಬಿದ್ದ ಗುಂಡಿಗೆ ಆಟದಲ್ಲಿ ಸೊನ್ನೆ. ಕಾಡಿನಲ್ಲಾದರೆ ಅದು ಸೊನ್ನೆಗಿಂತಲೂ ಕೆಟ್ಟದ್ದು. ಪ್ರಾಣಿ ಕೂಡಲೇ ಬೀಳದೆ ಗಂಟೆಗಟ್ಟಲೆ ನರಳುತ್ತ ಮೈಲಿಗಟ್ಟಲೆ ಹೋಗುತ್ತದೆ. ಮೂಸ್, ಕೆಂಪು ಜಿಂಕೆ, ರೋ ಜಿಂಕೆ ಬೇಟೆಯಾಡುವವರು ಗಾಯಗೊಂಡ ಪ್ರಾಣಿಯ ಜಾಡು ಹಿಡಿಯಲು ತರಬೇತಾದ, ಮಾನ್ಯತೆ ಪಡೆದ ನಾಯಿಯೊಂದು ಕೈಗೆಟುಕುವಂತೆ ಇಟ್ಟುಕೊಂಡಿರಲೇಬೇಕೆಂದು ನಾರ್ವೆಯ ಕಾನೂನು ಹೇಳುವುದು ಇದಕ್ಕೇ. ಅಂಕಪಟ್ಟಿಯನ್ನು ಅರ್ಥ ಮಾಡಿಕೊಳ್ಳಬಲ್ಲವನಿಗೆ ಅದರಲ್ಲಿ ಗೆಲುವು ಸೋಲಿಗಿಂತ ಬೇರೊಂದು ಸಂಗತಿ ಸಿಗುತ್ತದೆ: ಕೂತರೆ ಇಷ್ಟು ದೂರದವರೆಗೆ, ನಿಂತರೆ ಇಷ್ಟೇ ದೂರದವರೆಗೆ, ಅದರಾಚೆ ನಾನು ಕುದುರೆ ಎಳೆಯಬಾರದು. ಈ ಸ್ಪರ್ಧೆಯ ನಿಜವಾದ ಉಪಯೋಗ ಇದೊಂದೇ ಎಂದರೂ ನಡೆದೀತು.

ದೂರದ ಮೋಸ

ಗುಂಡು ನೇರ ಗೆರೆಯಲ್ಲಿ ಹೋಗುವುದಿಲ್ಲ, ನಳಿಗೆ ಬಿಟ್ಟ ಕ್ಷಣದಿಂದ ಬೀಳುತ್ತಲೇ ಹೋಗುತ್ತದೆ. .308 ರೈಫಲ್ಲನ್ನು 100 ಮೀಟರಿಗೆ ಸರಿಯಾಗಿ ಹೊಂದಿಸಿದ್ದರೆ 200 ಮೀಟರಿನಲ್ಲಿ ಗುಂಡು ಸುಮಾರು ಐದು ಅಂಗುಲ ಕೆಳಗೆ ಬೀಳುತ್ತದೆ. 300 ಮೀಟರಿನಲ್ಲಿ ಒಂದೂವರೆ ಅಡಿ. 200 ಮೀಟರಿನವರೆಗೆ ದೂರದ ಅಂದಾಜು ಕೊಂಚ ತಪ್ಪಿದರೂ ಮೂಸ್‌ನ ಎದೆ ದೊಡ್ಡದಾದ್ದರಿಂದ ನಡೆಯುತ್ತದೆ. ಅಲ್ಲಿಂದಾಚೆಗೆ ತಪ್ಪಿಗೆ ತೆರಬೇಕಾದ ಬೆಲೆ ಏಕಾಏಕಿ ಏರುತ್ತದೆ.

ಕಣ್ಣಳತೆಯನ್ನು ಕೆಡಿಸುವುದು ನೆಲ. ಬಟಾಬಯಲು, ನೀರು, ಕಣಿವೆಯ ಆಚೆ ನಿಂತ ವಸ್ತು ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ದಟ್ಟ ಮರಗಳ ನೆರಳಲ್ಲಿ ಇರುವುದು ದೂರ ಕಾಣುತ್ತದೆ. ಪ್ರಾಣಿಯ ಗಾತ್ರ ಇನ್ನೊಂದು ಬಲೆ. ತಾಣ ಹೂಡುವವರು ಚಿಕ್ಕ ನರಿಯನ್ನು 60 ಮೀಟರಿನಲ್ಲಿಟ್ಟು ಪಕ್ಕದ ತಾಣದಲ್ಲಿ ದೊಡ್ಡ ಮೂಸನ್ನು 180ರಲ್ಲಿ ನಿಲ್ಲಿಸಿದರೆ ಎರಡೂ ದುರ್ಬೀನಿನಲ್ಲಿ ಹೆಚ್ಚು ಕಮ್ಮಿ ಒಂದೇ ಗಾತ್ರ ಕಾಣುತ್ತವೆ. ಗುರಿಯ ತಾಣ ಹೂಡುವುದೂ ಒಂದು ಕಲೆ. ಅದನ್ನು ಮಾಡುವವರು ಸಾಮಾನ್ಯವಾಗಿ ಸಂಘದ ಹಳೇ ಹುಲಿಗಳು, ಹೊಸಬರು ಪರದಾಡುವುದನ್ನು ನೋಡಿ ಒಳಗೊಳಗೇ ನಗುವವರು.

ಬೆಂಚಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ ಹೊಡೆದರೆ ಸಾಧಾರಣ ಬೇಟೆ ರೈಫಲ್ಲೂ 100 ಮೀಟರಿನಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಜಾಗದಲ್ಲಿ ಗುಂಡುಗಳನ್ನು ಗುಂಪುಗೂಡಿಸುತ್ತದೆ. ಅದೇ ರೈಫಲ್ಲನ್ನು ಎದ್ದು ನಿಂತು ಆಸರೆಯಿಲ್ಲದೆ ಹಿಡಿದರೆ ಬಹುಪಾಲು ಜನರ ಗುಂಡುಗಳು ಒಂದು ಗೇಣಿಗಿಂತ ಅಗಲಕ್ಕೆ ಹರಡುತ್ತವೆ. ಅಂಗಡಿಗೆ ಹೋಗಿ ಇನ್ನೂ ದುಬಾರಿ ಕೋವಿ ತಂದರೂ ಇದು ಸರಿಹೋಗುವುದಿಲ್ಲ. ಗುಂಡು ಹಾರುವ ಮುನ್ನವೇ ಬೆಚ್ಚುವ ಚಾಳಿ ಒಬ್ಬನಿಗೆ ಇದೆಯೇ ಎಂದು ನೋಡಲು ಹಳಬರು ಮಾಡುವ ಒಂದು ಕುಚೇಷ್ಟೆ ಇದೆ: ಅಭ್ಯಾಸದ ವೇಳೆ ಅವನಿಗೆ ತಿಳಿಯದಂತೆ ಮದ್ದಿಲ್ಲದ ತೋಟಾ ಒಂದನ್ನು ನಡುವೆ ಸೇರಿಸುತ್ತಾರೆ. ಟಿಕ್ ಎಂಬ ಸದ್ದಷ್ಟೇ ಬಂದು ಕೋವಿಯ ಮೂತಿ ನೆಲಕ್ಕೆ ಕುಕ್ಕಿದಾಗ, ಇಷ್ಟು ದಿನ ಗುಂಡು ಕೆಳಗೆ ಬೀಳುತ್ತಿದ್ದುದು ಯಾಕೆಂದು ಸುತ್ತ ನಿಂತವರಿಗೆಲ್ಲ ಗೊತ್ತಾಗುತ್ತದೆ.

ಓಡುವ ಗುರಿ ಮತ್ತು ಒಬ್ಬ ಅಜ್ಜ

ಸ್ವೀಡನ್ನಿನಲ್ಲಿ ಮೂಸ್ ಬೇಟೆ ಹೆಚ್ಚಾಗಿ ತಂಡದ ಬೇಟೆ. ನಾಯಿ ಅಥವಾ ಜನ ಸೋವುತ್ತ ಬರುತ್ತಾರೆ, ಕೋವಿ ಹಿಡಿದವರು ತಮ್ಮ ತಮ್ಮ ಜಾಗದಲ್ಲಿ ಕಾಯುತ್ತಾರೆ. ಪ್ರಾಣಿ ನಿಂತು ದರ್ಶನ ಕೊಡುತ್ತದೆಂಬ ಖಾತ್ರಿ ಇಲ್ಲ. ಆದ್ದರಿಂದ ಅಲ್ಲಿನ ಬೇಟೆ ಸಂಘಗಳ ಅಭ್ಯಾಸದಲ್ಲಿ 80 ಮೀಟರು ದೂರದಲ್ಲಿ ಹಳಿಯ ಮೇಲೆ ಓಡುವ ಮೂಸ್ ಹಲಗೆಗೆ ಪ್ರಮುಖ ಸ್ಥಾನ. ಮೊದಲು ನಿಂತಿದ್ದಾಗ ಒಂದು ಗುಂಡು, ಆಮೇಲೆ ಓಡುವಾಗ. ಎದೆಗೇ ಹಿಡಿದು ಹೊಡೆದರೆ ಗುಂಡು ಹಿಂದೆ ಬೀಳುತ್ತದೆ, ಮೂತಿಯ ಕಡೆಗೆ ಇಷ್ಟು ಮುಂದಿಟ್ಟು ಹೊಡೆಯಬೇಕು. ಆ 'ಇಷ್ಟು' ಎಷ್ಟೆಂಬುದು ಕೈಗೆ ಹತ್ತುವಷ್ಟರಲ್ಲಿ ತೋಟಾ ಡಬ್ಬಿ ಖಾಲಿಯಾಗಿರುತ್ತದೆ.

ಓಡುವ ಗುರಿಗೆ ಹೊಡೆಯುವುದು ಒಂದು ಕಾಲಕ್ಕೆ ಒಲಿಂಪಿಕ್ ಆಟವಾಗಿತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡುವ ಜಿಂಕೆಯ ಆಕೃತಿ ನಾಲ್ಕು ಸೆಕೆಂಡಿನಲ್ಲಿ 75 ಅಡಿ ಸಾಗುತ್ತಿತ್ತು. ಒಂಟಿ ಗುಂಡಿನ ವಿಭಾಗದಲ್ಲಿ ಚಿನ್ನ ಗೆದ್ದವರು ಸ್ವೀಡನ್ನಿನ ಆಸ್ಕರ್ ಸ್ವಾನ್. ಆಗ ಅವರಿಗೆ 60 ವರ್ಷ. ಮಗ ಆಲ್ಫ್ರೆಡ್ ಕೂಡ ಸ್ವೀಡನ್ ತಂಡದಲ್ಲಿದ್ದ. 1912ರ ಸ್ಟಾಕ್‌ಹೋಮ್ ಕೂಟದಲ್ಲಿ ತಂಡದ ಚಿನ್ನ ಬಂದಾಗ ಸ್ವಾನ್‌ಗೆ 64. ಅವರಿಗಿಂತ ಹೆಚ್ಚಿನ ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಕ್ರೀಡಾಪಟು ಬೇರೊಬ್ಬರಿಲ್ಲ. 1920ರಲ್ಲಿ ಆಂಟ್‌ವರ್ಪ್‌ಗೆ ಹೋಗಿ, 72ನೇ ವಯಸ್ಸಿನಲ್ಲಿ ತಂಡದೊಂದಿಗೆ ಬೆಳ್ಳಿ ತಂದರು. ಓಡುವ ಜಿಂಕೆಯ ಸ್ಪರ್ಧೆ 1956ರ ನಂತರ ಒಲಿಂಪಿಕ್ಸ್‌ನಿಂದ ಕಾಣೆಯಾಯಿತು. ಅದರ ಜಾಗಕ್ಕೆ ಬಂದ ಬೇರೆ ಬಗೆಯ ಓಡುವ ಗುರಿಗಳೂ 2004ಕ್ಕೆ ಮುಗಿದವು.

ಮೆಕ್ಸಿಕೋದ ಕಬ್ಬಿಣದ ಟಗರು

ಬೇಟೆ ರೈಫಲ್ಲಿನ ಗೆಳೆತನದ ಪಂದ್ಯ ಉತ್ತರ ಯೂರೋಪಿನವರ ಸ್ವತ್ತೇನಲ್ಲ. ಮೆಕ್ಸಿಕೋದಲ್ಲಿ ಹಿಂದೆ ಜೀವಂತ ಕೋಳಿ, ಟಗರುಗಳನ್ನು ದೂರದಲ್ಲಿ ಕಟ್ಟಿ ಗುರಿ ಪಂದ್ಯ ನಡೆಸುತ್ತಿದ್ದರು. 20ನೇ ಶತಮಾನದ ನಡುವಿನ ಹೊತ್ತಿಗೆ ಅವುಗಳ ಜಾಗದಲ್ಲಿ ಕಬ್ಬಿಣದ ಆಕೃತಿಗಳು ಬಂದವು, 1960ರ ದಶಕದ ಕೊನೆಗೆ ಆಟ ಗಡಿ ದಾಟಿ ಅಮೆರಿಕದ ಅರಿಜೋನಾಕ್ಕೆ ಬಂತು. ಕೋಳಿ 200 ಮೀಟರಿನಲ್ಲಿ, ಕಾಡುಹಂದಿ 300ರಲ್ಲಿ, ಟರ್ಕಿ ಕೋಳಿ 385ರಲ್ಲಿ, ಟಗರು 500ರಲ್ಲಿ. ಎಲ್ಲಕ್ಕೂ ನಿಂತೇ ಹೊಡೆಯಬೇಕು, ಕೋವಿಯ ಪಟ್ಟಿಯನ್ನೂ ಬಳಸುವಂತಿಲ್ಲ. ಗುಂಡು ತಾಗಿ ಠಣ್ಣೆಂದರೆ ಸಾಲದು, ಆಕೃತಿ ಪೀಠದಿಂದ ಉರುಳಬೇಕು. 500 ಮೀಟರಿನಾಚೆಯ ಟಗರು ಉರುಳಿದ್ದು ಮೊದಲು ಕಣ್ಣಿಗೆ ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ.

ಅಮೆರಿಕದ ಪಂದ್ಯಗಳಲ್ಲಿ ಬೇಟೆ ರೈಫಲ್ಲಿಗೆಂದೇ ಬೇರೆ ವಿಭಾಗವಿದೆ. ದುರ್ಬೀನೂ ಸೇರಿ ತೂಕ 9 ಪೌಂಡು, ಅಂದರೆ ಸುಮಾರು 4 ಕಿಲೋ ಮೀರಬಾರದು. ಕುದುರೆ ಎಳೆಯಲು ಕನಿಷ್ಠ 2 ಪೌಂಡು ಬಲ ಬೇಕು. ನಾರ್ಡಿಕ್ ಸ್ಪರ್ಧೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲಿ ದೂರ ಮೊದಲೇ ತಿಳಿದಿರುತ್ತದೆ ಎಂಬುದು. ಕೈಯ ಪರೀಕ್ಷೆ ಬಲು ಕಠಿಣ, ಕಣ್ಣಳತೆಯ ಪರೀಕ್ಷೆ ಇಲ್ಲ.

ಜರ್ಮನಿಯ ಬೇಟೆಗಾರರ ಪದ್ಧತಿ ಅಚ್ಚುಕಟ್ಟು: 100 ಮೀಟರಿನಲ್ಲಿ ಜಿಂಕೆ, ನರಿ, ಹಂದಿಯ ಚಿತ್ರಗಳು, ಪ್ರತಿಯೊಂದಕ್ಕೂ ಗೊತ್ತಾದ ಭಂಗಿ, ಜೊತೆಗೆ ಓಡುವ ಹಂದಿ. ಅಚ್ಚುಕಟ್ಟಾದಷ್ಟೂ ಕಾಡಿನ ವಾಸನೆ ಕಮ್ಮಿಯಾಗುತ್ತದೆ ಎಂಬುದು ನಾರ್ವೆಯವರ ವಾದ ಇರಬಹುದು, ನಾನಂತೂ ಅವರ ಪಕ್ಷ.

ಶಿಸ್ತು, ಬಹುಮಾನ, ಕಾಫಿ

ಗೆಳೆತನದ ಆಟವೆಂದರೂ ಸುರಕ್ಷತೆಯಲ್ಲಿ ಸಲುಗೆ ಇಲ್ಲ. ಒಂದು ತಾಣದಿಂದ ಇನ್ನೊಂದಕ್ಕೆ ನಡೆಯುವಾಗ ಕೋವಿ ಖಾಲಿ, ಬೋಲ್ಟ್ ತೆರೆದಿರಬೇಕು ಅಥವಾ ಕಳಚಿ ಜೇಬಿನಲ್ಲಿರಬೇಕು. ಪ್ರತಿ ಗುರಿಯ ಹಿಂದೆ ಗುಂಡನ್ನು ನುಂಗುವ ಮಣ್ಣಿನ ದಿಬ್ಬವಿರಬೇಕು. ಬೆಟ್ಟದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ಗುರಿ ನಿಲ್ಲಿಸುವುದು ನಿಷಿದ್ಧ. ಗುಂಡು ಕೆಲವು ಕಿಲೋಮೀಟರು ಹೋಗಬಲ್ಲದು, ಆಚೆ ಬದಿಯಲ್ಲಿ ಅಣಬೆ ಆರಿಸುವವರು ಇದ್ದೇ ಇರುತ್ತಾರೆ. ನಿಲ್ಲಿಸಿ ಎಂಬ ಕೂಗು ಕಿವಿಗೆ ಬಿದ್ದರೆ, ಯಾರೇ ಕೂಗಿರಲಿ, ಎಲ್ಲರ ಬೆರಳೂ ಕುದುರೆಯಿಂದ ಹೊರಗೆ ಬರಬೇಕು.

ಬಹುಮಾನದ ಮೇಜಿನ ಮೇಲೆ ಚಾಕು, ಉಣ್ಣೆಯ ಕಾಲುಚೀಲ, ತೋಟಾ ಡಬ್ಬಿ, ಟಾರ್ಚು ಇಂಥವೇ ಇರುತ್ತವೆ. ಇಬ್ಬರ ಅಂಕ ಸಮವಾದರೆ ಹಲಗೆಯ ಒಳವೃತ್ತದಲ್ಲಿ ಹೆಚ್ಚು ಗುಂಡು ಯಾರದ್ದೆಂದು ನೋಡುತ್ತಾರೆ. ಫಲಿತಾಂಶ ಕೂಡಿಸುವವರೆಗೆ ಗುಡಿಸಲಿನ ಬಾಗಿಲಲ್ಲಿ ಸಾಲು: ಹೃದಯದಾಕಾರದ ಎಸಳುಗಳ ಬಿಸಿ ವಾಫಲ್, ಮೇಲೆ ಜ್ಯಾಮು, ಜೊತೆಗೆ ಕಪ್ಪು ಕಾಫಿ. ಬರುವ ಬೇಟೆಗೆ ಯಾವ ತಂಡದಲ್ಲಿ ಯಾರು, ಯಾರ ನಾಯಿಗೆ ಮುಪ್ಪು ಬಂತು, ಯಾವ ಜೌಗಿನಲ್ಲಿ ಮೂಸ್ ಹೆಜ್ಜೆ ಕಂಡಿತು ಎಂಬುದೆಲ್ಲ ಅಲ್ಲೇ ತೀರ್ಮಾನ.

ಕೊಡಗಿನ ತೆಂಗಿನಕಾಯಿ

ಇಷ್ಟು ಓದಿದ ಕನ್ನಡಿಗರಿಗೆ ಕೊಡಗು ನೆನಪಾಗದೆ ಇರದು. ಅಲ್ಲಿಯೂ ಕೋವಿ ಹಿಡಿದ ಜನ ಊರ ಮಂದಿನಲ್ಲಿ, ಅಂದರೆ ಊರ ಬಯಲಿನಲ್ಲಿ, ಸೇರುತ್ತಾರೆ, ಗುರಿ ಮಾತ್ರ ತೆಂಗಿನಕಾಯಿ. ಗದ್ದೆ ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರಿನ ಮೊದಲ ವಾರದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಮನೆಯ ಕೋವಿ, ಕತ್ತಿಗಳನ್ನು ತೊಳೆದೊರೆಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜೆಗಿಡುತ್ತಾರೆ. ಕಡಂಬುಟ್ಟು, ಪಂದಿಕರಿಯ ಊಟವಾದ ಮೇಲೆ ಆಟ. ಹಿಂದೆ ಎತ್ತರದ ಮರದ ತುದಿಗೆ ಕಾಯಿ ಕಟ್ಟಿ ಹೊಡೆಯುವುದಿತ್ತು. ಈಗಿನ ಸ್ಪರ್ಧೆಗಳಲ್ಲಿ ಪಾಯಿಂಟ್ ಟೂಟೂ ರೈಫಲ್ಲಿಗೆ ಒಂದು ದೂರ, ಹನ್ನೆರಡು ಬೋರಿನ ಕೋವಿಗೆ ಒಂದು ದೂರ ಎಂದು ವಿಭಾಗ ಮಾಡುತ್ತಾರೆ. ಏರ್‌ಗನ್ನಿನವರಿಗೆ ಕೋಳಿಮೊಟ್ಟೆ ಇಡುವುದೂ ಉಂಟು.

ಕೊಡಗಿನವರ ಬದುಕಿನಲ್ಲಿ ಕೋವಿ ಬೇಟೆಯ ಸಾಮಾನಷ್ಟೇ ಆಗಿರಲಿಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಪುತ್ತರಿ ಹಬ್ಬದಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರುತ್ತದೆ. ಕೋವಿ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಆ ವಿನಾಯಿತಿಯನ್ನು ಎತ್ತಿಹಿಡಿಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಷಿಕಾರಿಯ ಕಾಲ ಮುಗಿಯಿತು. ಮರಸು ಕೂರುವುದು, ಸೋವು ಹಾಕುವುದು ಹಿರಿಯರ ಬಾಯಿಮಾತಿನಲ್ಲಿ ಉಳಿದವು. ನಾರ್ವೆಯ ಸ್ಪರ್ಧಿಗೆ ಮುಂದಿನ ತಿಂಗಳು ಎದುರಾಗುವ ಮೂಸ್ ಮನಸ್ಸಿನಲ್ಲಿರುತ್ತದೆ. ಕೊಡಗಿನ ಸ್ಪರ್ಧಿಗೆ ಕಾಯಿಯ ಆಚೆ ಬೇರೇನೂ ಇಲ್ಲ. ಅದಕ್ಕೇ ಇಲ್ಲಿ ದೂರವನ್ನು ಬಚ್ಚಿಡುವ, ಪೊದೆಯ ಹಿಂದೆ ಗುರಿ ಅಡಗಿಸುವ ಉಪಾಯಗಳು ಬೇಕಾಗಿಲ್ಲ. ಕಾಯಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ತಾಗಿದರೆ ಒಡೆದು ನೀರು ಚೆಲ್ಲುತ್ತದೆ, ತೀರ್ಪುಗಾರರನ್ನು ಕೇಳುವ ಪ್ರಮೇಯವೇ ಇಲ್ಲ. ಹೆಂಗಸರೂ ಹೊಡೆಯುತ್ತಾರೆ, ಊರಿಗೆ ಬಂದ ನೆಂಟರೂ ಸರದಿಯಲ್ಲಿ ನಿಲ್ಲುತ್ತಾರೆ. ಕೊಡಗಿನ ಹಲವು ಸಂಘಗಳು ಈಗ ಹಬ್ಬದ ದಿನಕ್ಕೆ ಕಾಯದೆ, ಬೇರೆ ಸಮಯದಲ್ಲೂ ತೆಂಗಿನಕಾಯಿ ಸ್ಪರ್ಧೆ ಇಡುತ್ತಿವೆ.